ನರ ಮತ್ತು ಕಣ್ಣಿನ ಕಾಯಿಲೆಗಳನ್ನು ಒಟ್ಟಿಗೆ ಓದಿ: ವೈದ್ಯಕೀಯ ಪರೀಕ್ಷೆಗೆ ಹಂತ ಹಂತದ ಮಾರ್ಗದರ್ಶಿ

"ನ್ಯೂರೋ ತಲೆಗೇ ಹತ್ತಲ್ಲ ಮೇಡಂ. ಆಫ್ತಾಲ್ ಓದಿದ್ದು ಒಂದು ವಾರ ಕೂಡ ನಿಲ್ಲಲ್ಲ. ಪರೀಕ್ಷೆಗೆ ಒಂದೇ ತಿಂಗಳಿದೆ, ಏನು ಮಾಡ್ಲಿ?" ಮೈಸೂರು, ಮಂಡ್ಯದ ವೈದ್ಯಕೀಯ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ಅದರಲ್ಲೂ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಜಾಸ್ತಿ ಕೇಳುತ್ತಾರೆ. ಹಾಗಾಗಿ ಉತ್ತರವನ್ನು ಒಂದೇ ಕಡೆ, ಕನ್ನಡದಲ್ಲೇ ಬರೆದಿಟ್ಟಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನ್ಯೂರೋ ಅಂದರೆ ನರರೋಗ, ಆಫ್ತಾಲ್ ಅಂದರೆ ಕಣ್ಣಿನ ರೋಗ. ಇವೆರಡನ್ನೂ ಬೇರೆ ಬೇರೆ ಪುಸ್ತಕ, ಬೇರೆ ಬೇರೆ ವಾರ ಅಂತ ಹಂಚಿಕೊಂಡು ಓದಬೇಡಿ. ಮೆದುಳಿನಿಂದ ಹೊರಡುವ ಹನ್ನೆರಡು ಕ್ರೇನಿಯಲ್ ನರಗಳಲ್ಲಿ ಆರಕ್ಕೆ ಕಣ್ಣಿನಲ್ಲೇ ಕೆಲಸ. ಎರಡನೆಯದು ನೋಟಕ್ಕೆ. ಮೂರು, ನಾಲ್ಕು, ಆರು ಕಣ್ಣು ಹೊರಳಿಸಲು. ಐದು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಸ್ಪರ್ಶಕ್ಕೆ. ಏಳು ರೆಪ್ಪೆ ಮುಚ್ಚಲು. ಎರಡನೆಯದಾದ ಆಪ್ಟಿಕ್ ನರವಂತೂ ಮೆದುಳೇ ಮುಂದಕ್ಕೆ ಚಾಚಿಕೊಂಡ ಭಾಗ. ಅದರ ಸುತ್ತ ಮೆದುಳಿನ ಹೊದಿಕೆಗಳೂ ಇವೆ, ಮೆದುಳಿನ ದ್ರವವೂ ಇದೆ. ತಲೆಯೊಳಗೆ ಒತ್ತಡ ಹೆಚ್ಚಾದರೆ ಕಣ್ಣಿನ ಹಿಂಭಾಗ ಊದುವುದು ಅದಕ್ಕೇ. ಒಂದನ್ನು ಓದುವಾಗ ಇನ್ನೊಂದನ್ನು ಪಕ್ಕದಲ್ಲೇ ಇಟ್ಟುಕೊಂಡರೆ ಅರ್ಧ ಬಾಯಿಪಾಠ ತಪ್ಪುತ್ತದೆ.

ಹಂತ 1: ಪರೀಕ್ಷೆ ಯಾವುದು, ಕೈಯಲ್ಲಿ ಏನಿರಬೇಕು

ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಲಿಖಿತ ಪರೀಕ್ಷೆಗೆ ಚಿತ್ರ ಬರೆದು ವಿವರಿಸಲು ಬರಬೇಕು. ಸ್ನಾತಕೋತ್ತರ ಪ್ರವೇಶದ ನೀಟ್ ಪಿಜಿಯಲ್ಲಿ 200 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಹೋಗುತ್ತದೆ. ಹೊರದೇಶದಲ್ಲಿ ಓದಿ ಬಂದವರು ಬರೆಯುವ ಎಫ್‌ಎಂಜಿಇಯಲ್ಲಿ 300 ಪ್ರಶ್ನೆ, ತಪ್ಪಿಗೆ ಕಡಿತ ಇಲ್ಲ. ಅಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಆದರೆ ಓದುವ ರೀತಿ ಮೂರಕ್ಕೂ ಒಂದೇ.

ಈಗಾಗಲೇ ಓದುತ್ತಿರುವ ಪುಸ್ತಕ ಸಾಕು. ಕೊನೇ ತಿಂಗಳಲ್ಲಿ ಹೊಸ ಪುಸ್ತಕ ತರಬೇಡಿ. ಗೆರೆ ಇಲ್ಲದ ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ಸಿಲ್, ಪೆನ್ ಟಾರ್ಚ್, ಕೆಂಪು ಕ್ಯಾಪಿನ ಪೆನ್ನು, ಸ್ವಲ್ಪ ಹತ್ತಿ, ಮೊಣಕಾಲಿಗೆ ಬಡಿಯುವ ಹ್ಯಾಮರ್ ಇರಲಿ. ತಿಂಗಳಿನ ಮೊದಲ ಹತ್ತು ದಿನವನ್ನು ಕೆಳಗಿನ 2, 3, 4ನೇ ಹಂತಗಳಿಗೇ ಕೊಡಿ. ಬುನಾದಿ ಅದೇ.

ಹಂತ 2: ಮೊದಲು "ಎಲ್ಲಿ", ಆಮೇಲೆ "ಏನು"

ಪ್ರಶ್ನೆ ಓದಿದ ತಕ್ಷಣ ಕಾಯಿಲೆಯ ಹೆಸರಿಗೆ ಕೈ ಹಾಕುವುದು ಎಲ್ಲರೂ ಮಾಡುವ ತಪ್ಪು. ಪೆಟ್ಟು ಎಲ್ಲಿ ಬಿದ್ದಿದೆ ಅಂತ ಮೊದಲು ಕೇಳಿಕೊಳ್ಳಿ. ಮೇಲಿನಿಂದ ಕೆಳಕ್ಕೆ ಹೋಗಿ: ಮೆದುಳಿನ ಹೊರಪದರ, ಇಂಟರ್ನಲ್ ಕ್ಯಾಪ್ಸೂಲ್ (ಮೆದುಳಿನೊಳಗೆ ನರದೆಳೆಗಳು ಒತ್ತಾಗಿ ಇಳಿಯುವ ದಾರಿ), ಮೆದುಳಿನ ಕಾಂಡ, ಬೆನ್ನುಹುರಿ, ನರದ ಬೇರು, ನರ, ನರ ಮತ್ತು ಸ್ನಾಯು ಸೇರುವ ಜಾಗ, ಸ್ನಾಯು. ಮಾತು ಹೋಗಿದ್ದರೆ ಹೊರಪದರ. ಮುಖ ಒಂದು ಕಡೆ, ಕೈಕಾಲು ಇನ್ನೊಂದು ಕಡೆ ಬಿದ್ದಿದ್ದರೆ ಕಾಂಡ. ಎದೆಯ ಅಥವಾ ಹೊಟ್ಟೆಯ ಒಂದು ಗೆರೆಯಿಂದ ಕೆಳಗೆ ಸ್ಪರ್ಶವೇ ಇಲ್ಲ ಅಂದರೆ ಬೆನ್ನುಹುರಿ. ಕೈ ಬೆರಳು, ಕಾಲು ಬೆರಳಿನಿಂದ ಜೋಮು ಶುರುವಾಗಿದ್ದರೆ ನರಗಳು. ಸಂಜೆಗೆ ಸುಸ್ತು ಜಾಸ್ತಿಯಾಗಿ ಬೆಳಗ್ಗೆ ಸರಿಹೋದರೆ ನರ ಮತ್ತು ಸ್ನಾಯು ಸೇರುವ ಜಾಗ.

ಆಮೇಲೆ ಸಮಯ ನೋಡಿ. ಕ್ಷಣದಲ್ಲಿ ಬಂದಿದ್ದರೆ ಹೆಚ್ಚಾಗಿ ರಕ್ತನಾಳ. ಗಂಟೆ, ದಿನಗಳಲ್ಲಿ ಏರಿದ್ದರೆ ಸೋಂಕು ಅಥವಾ ಉರಿಯೂತ. ತಿಂಗಳುಗಟ್ಟಲೆ ಬೆಳೆದಿದ್ದರೆ ಗೆಡ್ಡೆ. ವರ್ಷಗಟ್ಟಲೆ ನಿಧಾನ ಅಂದರೆ ನರಕೋಶ ಸವೆಯುವ ಕಾಯಿಲೆ. ಎಲ್ಲಿ ಮತ್ತು ಯಾವಾಗ ಇವೆರಡು ಗೊತ್ತಾದರೆ ನಾಲ್ಕು ಆಯ್ಕೆಗಳಲ್ಲಿ ಎರಡು ತಾನಾಗೇ ಬಿದ್ದುಹೋಗುತ್ತವೆ.

ಏಳನೇ ನರದಲ್ಲಿ ಇದನ್ನು ಮಾಡಿ ನೋಡಿ. ಬಾಯಿ ಸೊಟ್ಟಗಾದ ರೋಗಿಗೆ ಹುಬ್ಬು ಏರಿಸಲು ಹೇಳಿ. ಹಣೆಯಲ್ಲಿ ನೆರಿಗೆ ಬಿದ್ದರೆ ಪೆಟ್ಟು ಮೇಲೆ, ಮೆದುಳಿನಲ್ಲಿ. ಹಣೆಗೆ ಎರಡೂ ಕಡೆಯ ಮೆದುಳಿನಿಂದ ನರ ಬರುವುದರಿಂದ ಅದು ಉಳಿದುಕೊಂಡಿದೆ. ನೆರಿಗೆಯೂ ಇಲ್ಲ, ಕಣ್ಣೂ ಮುಚ್ಚುತ್ತಿಲ್ಲ ಅಂದರೆ ನರಕ್ಕೇ ಪೆಟ್ಟು, ಅಂದರೆ ಬೆಲ್ಸ್ ಪಾಲ್ಸಿ ಥರದ್ದು. ಚಿಕಿತ್ಸೆ ಕೇಳಿದಾಗ 72 ಗಂಟೆಯೊಳಗೆ ಸ್ಟೀರಾಯ್ಡ್ ಅಂತ ಬರೆದು ನಿಲ್ಲಿಸುವವರೇ ಹೆಚ್ಚು. ಕಣ್ಣು ಒಣಗದಂತೆ ಹನಿ, ಮಲಗುವಾಗ ಮುಲಾಮು ಹಾಕಿ ರೆಪ್ಪೆಗೆ ಟೇಪು ಅಂತಲೂ ಬರೆಯಿರಿ. ಅದಿಲ್ಲದಿದ್ದರೆ ಕಾರ್ನಿಯಾ ಹುಣ್ಣಾಗುತ್ತದೆ.

ಹಂತ 3: ನೋಟದ ದಾರಿಯನ್ನು ದಿನಾ ಒಮ್ಮೆ ಬರೆಯಿರಿ

ಕಣ್ಣಿನ ಹಿಂದಿನ ಪರದೆಯಾದ ರೆಟಿನಾದಿಂದ ತಲೆಯ ಹಿಂಭಾಗದ ಆಕ್ಸಿಪಿಟಲ್ ಭಾಗದವರೆಗೆ ಎರಡು ಬಣ್ಣದಲ್ಲಿ ಗೆರೆ ಎಳೆಯಿರಿ. ಪುಸ್ತಕ ಮುಚ್ಚಿಟ್ಟು ಬರೆಯಬೇಕು. ಮೂಗಿನ ಕಡೆಯ ಎಳೆಗಳು ಕೈಯಾಸಂ ಎಂಬ ಕೂಡುದಾರಿಯಲ್ಲಿ ಆಚೆ ದಾಟುತ್ತವೆ, ಕಿವಿ ಕಡೆಯವು ದಾಟುವುದಿಲ್ಲ. ಗೊಂದಲ ಹುಟ್ಟುವುದು ಇಲ್ಲೇ. ಮೂಗಿನ ಕಡೆಯ ರೆಟಿನಾ ನೋಡುವುದು ಹೊರಗಿನ, ಅಂದರೆ ಕಿವಿ ಕಡೆಯ ನೋಟವನ್ನು. ಇದನ್ನು ಚಿತ್ರದ ಮೇಲೇ ಬರೆದುಕೊಳ್ಳಿ.

ಈಗ ಒಂದೊಂದು ಜಾಗದಲ್ಲಿ ಕತ್ತರಿ ಹಾಕಿ. ಆಪ್ಟಿಕ್ ನರದಲ್ಲಿ ಹಾಕಿದರೆ ಆ ಒಂದು ಕಣ್ಣು ಹೋಗುತ್ತದೆ. ಕೈಯಾಸಂ ನಡುವೆ ಹಾಕಿದರೆ ಎರಡೂ ಕಣ್ಣಿನ ಹೊರಬದಿಯ ನೋಟ ಹೋಗುತ್ತದೆ, ಇದು ಬೈಟೆಂಪೊರಲ್ ಹೆಮಿಯನೋಪಿಯಾ. ಕೈಯಾಸಂ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ಕೆಳಗಿನಿಂದ ಒತ್ತುವುದರಿಂದ ಮೊದಲು ಹೋಗುವುದು ಮೇಲಿನ ಕಾಲುಭಾಗ. ಕ್ರೇನಿಯೋಫಾರಿಂಜಿಯೋಮಾ ಎಂಬ ಗೆಡ್ಡೆ ಮೇಲಿನಿಂದ ಒತ್ತುತ್ತದೆ, ಅದರಲ್ಲಿ ಕೆಳಗಿನದ್ದು ಮೊದಲು. ಕೈಯಾಸಂ ದಾಟಿದ ಮೇಲೆ ಎಲ್ಲಿ ಪೆಟ್ಟು ಬಿದ್ದರೂ ಎರಡೂ ಕಣ್ಣಿನಲ್ಲಿ ಎದುರು ಬದಿಯ ನೋಟವೇ ಹೋಗುತ್ತದೆ. ಮೆದುಳಿನ ಕಿವಿ ಪಕ್ಕದ ಟೆಂಪೊರಲ್ ಭಾಗದಲ್ಲಿ ಸುತ್ತಿ ಹೋಗುವ ಮೇಯರ್ಸ್ ಲೂಪ್‌ಗೆ ಪೆಟ್ಟಾದರೆ ಮೇಲಿನ ಕಾಲುಭಾಗ, ನೆತ್ತಿ ಕಡೆಯ ಪೆರೈಟಲ್‌ನಲ್ಲಾದರೆ ಕೆಳಗಿನ ಕಾಲುಭಾಗ. ಆಕ್ಸಿಪಿಟಲ್‌ನಲ್ಲಿ ರಕ್ತನಾಳ ಕಟ್ಟಿದರೆ ಅರ್ಧ ನೋಟ ಹೋದರೂ ನಟ್ಟನಡುವಿನ ನೋಟ ಉಳಿಯಬಹುದು. ಇದೇ ಮ್ಯಾಕುಲರ್ ಸ್ಪೇರಿಂಗ್.

ರೋಗಿ "ಬಲಗಣ್ಣು ಕಾಣ್ತಿಲ್ಲ" ಅಂದರೆ ನಂಬಿ ಮುಂದೆ ಹೋಗಬೇಡಿ. ಬಲಬದಿಯ ಅರ್ಧ ನೋಟ ಎರಡೂ ಕಣ್ಣಿನಲ್ಲಿ ಹೋದವರೂ ಹಾಗೇ ಹೇಳುತ್ತಾರೆ. ಒಂದೊಂದೇ ಕಣ್ಣು ಮುಚ್ಚಿಸಿ, ಕೆಂಪು ಕ್ಯಾಪಿನ ಪೆನ್ನನ್ನು ನಾಲ್ಕು ಮೂಲೆಯಿಂದ ಒಳಗೆ ತಂದು ನೋಡಿ.

ಹಂತ 4: ಪಾಪೆ

ಟಾರ್ಚ್ ಬೆಳಕು ಎರಡನೇ ನರದಿಂದ ಒಳಗೆ ಹೋಗುತ್ತದೆ, ಪಾಪೆ ಕುಗ್ಗಿಸುವ ಆದೇಶ ಮೂರನೇ ನರದಿಂದ ಹೊರಗೆ ಬರುತ್ತದೆ. ಎರಡೂ ಪಾಪೆ ಒಟ್ಟಿಗೆ ಕುಗ್ಗಬೇಕು. ಈ ಒಂದು ಸಾಲಿನಿಂದ ಉಳಿದದ್ದೆಲ್ಲ ಬಿಡಿಸಬಹುದು.

ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಬೀಸುತ್ತಾ ಹೋಗಿ. ಒಂದು ಕಣ್ಣಿಗೆ ಬೆಳಕು ಬಂದಾಗ ಪಾಪೆಗಳು ಕುಗ್ಗುವ ಬದಲು ಹಿಗ್ಗಿದರೆ ಆ ಕಡೆಯ ಆಪ್ಟಿಕ್ ನರಕ್ಕೆ ತೊಂದರೆ ಇದೆ, ಅಥವಾ ರೆಟಿನಾ ಬಹಳ ಹಾಳಾಗಿದೆ. ಇದನ್ನು ಆರ್‌ಎಪಿಡಿ ಅನ್ನುತ್ತಾರೆ. ಕಣ್ಣಿನ ಪೊರೆ ಎಷ್ಟೇ ದಟ್ಟವಾಗಿದ್ದರೂ ಇದು ಬರುವುದಿಲ್ಲ. ಈ ಮಾತನ್ನು ಕೆಂಪಿನಲ್ಲಿ ಬರೆದುಕೊಳ್ಳಿ. ಪೊರೆ ಇರುವ ಕಣ್ಣಿನಲ್ಲಿ ಆರ್‌ಎಪಿಡಿ ಕಂಡರೆ, ಪೊರೆ ತೆಗೆದರೂ ನೋಟ ಪೂರ್ತಿ ಬರುವುದಿಲ್ಲ ಅಂತ ಆಪರೇಷನ್ನಿಗೆ ಮೊದಲೇ ರೋಗಿಗೆ ಹೇಳಬೇಕು. ಪರೀಕ್ಷೆಗಷ್ಟೇ ಅಲ್ಲ, ನಾಳೆ ಹಳ್ಳಿಯ ಕಣ್ಣಿನ ಶಿಬಿರದಲ್ಲಿ ಕೂತಾಗಲೂ ಬೇಕಾಗುವ ಪಾಠ ಇದು.

ರೆಪ್ಪೆ ಜೋತಿದ್ದು ಪಾಪೆ ದೊಡ್ಡದಿದ್ದರೆ ಮೂರನೇ ನರ. ರೆಪ್ಪೆ ಸ್ವಲ್ಪವೇ ಜೋತು ಪಾಪೆ ಚಿಕ್ಕದಿದ್ದರೆ ಹಾರ್ನರ್ ಸಿಂಡ್ರೋಮ್, ಅಂದರೆ ಕಣ್ಣಿಗೆ ಬರುವ ಸಿಂಪಥೆಟಿಕ್ ನರದ ತೊಂದರೆ. ಆಗ ಶ್ವಾಸಕೋಶದ ತುದಿಯ ಗೆಡ್ಡೆ, ಕತ್ತಿನ ಕೆರೋಟಿಡ್ ರಕ್ತನಾಳದ ಸೀಳು, ಮೆದುಳಿನ ಕಾಂಡದ ವಾಲೆನ್‌ಬರ್ಗ್ ಸ್ಟ್ರೋಕ್ ನೆನಪಿಗೆ ಬರಲಿ. ಬೆಳಕಿಗೆ ಕುಗ್ಗದೆ ಹತ್ತಿರ ನೋಡುವಾಗ ಮಾತ್ರ ಕುಗ್ಗುವ ಚಿಕ್ಕ ಪಾಪೆ ನರದ ಸಿಫಿಲಿಸ್‌ನ ಆರ್ಗೈಲ್ ರಾಬರ್ಟ್‌ಸನ್. ಎರಡೂ ಕಡೆ ಸೂಜಿಮೊನೆಯಷ್ಟು ಚಿಕ್ಕದಾಗಿದ್ದರೆ ಮೂರು ಕಾರಣ ನೋಡಿ: ಅಫೀಮು ವರ್ಗದ ಔಷಧ, ಮೆದುಳಿನ ಕಾಂಡದ ಪಾನ್ಸ್ ಭಾಗದ ರಕ್ತಸ್ರಾವ, ಬೆಳೆಗೆ ಹೊಡೆಯುವ ಆರ್ಗನೋಫಾಸ್ಫರಸ್ ಔಷಧ. ನಮ್ಮ ಕಡೆ ವಾರ್ಡಿನಲ್ಲಿ ಕಣ್ಣಿಗೆ ಬೀಳುವುದು ಮೂರನೆಯದು. ಬಾಯಲ್ಲಿ ಜೊಲ್ಲು, ಬೆವರು, ನಿಧಾನವಾದ ನಾಡಿ ಜೊತೆಗಿರುತ್ತವೆ.

ಹಂತ 5: ರೆಪ್ಪೆ ಜೋತವರು, ಎರಡೆರಡು ಕಾಣುವವರು

ರೆಪ್ಪೆ ಎತ್ತುವುದು ಮೂರನೇ ನರ, ಮುಚ್ಚುವುದು ಏಳನೆಯದು. ಗಡಿಬಿಡಿಯಲ್ಲಿ ಇದನ್ನು ತಿರುವಿ ಬರೆದು ಅಂಕ ಕಳೆದುಕೊಳ್ಳುವವರು ಬಹಳ.

ಮೂರನೇ ನರಕ್ಕೆ ಪೆಟ್ಟಾದರೆ ಕಣ್ಣು ಹೊರಕ್ಕೆ ಮತ್ತು ಕೆಳಕ್ಕೆ ಹೋಗಿರುತ್ತದೆ. ಪಾಪೆ ಹೇಗಿದೆ ಅನ್ನುವುದೇ ಮುಖ್ಯ ಪ್ರಶ್ನೆ. ಪಾಪೆಯ ಎಳೆಗಳು ನರದ ಹೊರಮೈಯಲ್ಲಿವೆ. ಹೊರಗಿನಿಂದ ಒತ್ತಿದರೆ ಅವು ಮೊದಲು ಸಾಯುತ್ತವೆ. ಹಾಗಾಗಿ ಪಾಪೆ ಹಿಗ್ಗಿದ್ದರೆ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ರಕ್ತನಾಳದ ಉಬ್ಬು, ಅಂದರೆ ಅನ್ಯೂರಿಸಂ, ಇಲ್ಲ ಅಂತ ಖಚಿತವಾಗುವವರೆಗೆ ಬಿಡುವಂತಿಲ್ಲ. ತಕ್ಷಣ ರಕ್ತನಾಳದ ಸ್ಕ್ಯಾನ್. ಸಕ್ಕರೆ ಕಾಯಿಲೆಯಲ್ಲಿ ನರದ ಒಳಭಾಗಕ್ಕೆ ರಕ್ತ ಕಡಿಮೆಯಾಗುವುದರಿಂದ ಸಾಮಾನ್ಯವಾಗಿ ಪಾಪೆ ಉಳಿದುಕೊಳ್ಳುತ್ತದೆ, ಕೆಲವು ತಿಂಗಳಲ್ಲಿ ಕಣ್ಣು ತಾನೇ ಸರಿಹೋಗುತ್ತದೆ.

ನಾಲ್ಕನೆಯದರಲ್ಲಿ ಮೆಟ್ಟಿಲು ಇಳಿಯುವಾಗ, ಓದುವಾಗ ಒಂದರ ಮೇಲೊಂದು ಎರಡು ಕಾಣುತ್ತದೆ. ರೋಗಿ ತಲೆಯನ್ನು ಎದುರು ಭುಜದ ಕಡೆ ವಾಲಿಸಿರುತ್ತಾನೆ. ಆರನೆಯದರಲ್ಲಿ ಕಣ್ಣು ಹೊರಕ್ಕೆ ಹೋಗುವುದಿಲ್ಲ. ತಲೆಯೊಳಗಿನ ಒತ್ತಡದಿಂದಲೇ ಆರನೇ ನರ ಸೋಲಬಹುದು. ಆ ನರದ ಪಕ್ಕದಲ್ಲೇ ಗೆಡ್ಡೆ ಇದೆ ಅಂತ ಬರೆದುಬಿಡಬೇಡಿ.

ಇನ್ನು ರೆಪ್ಪೆ ಜೋತಿದ್ದರೂ ಪಾಪೆ ಸರಿಯಿದ್ದು, ಸಂಜೆಗೆ ಜಾಸ್ತಿಯಾದರೆ ನರ ಮತ್ತು ಸ್ನಾಯು ಸೇರುವ ಜಾಗದ ಕಾಯಿಲೆ, ಮಯಸ್ತೇನಿಯಾ ಗ್ರಾವಿಸ್. ಐಸ್ ಇಟ್ಟರೆ ರೆಪ್ಪೆ ಸ್ವಲ್ಪ ಏರುತ್ತದೆ. ಎದೆಯಲ್ಲಿ ಥೈಮಸ್ ಗೆಡ್ಡೆ ಹುಡುಕಬೇಕು. ಜೆಂಟಮೈಸಿನ್ ಥರದ ಅಮೈನೋಗ್ಲೈಕೊಸೈಡ್ ಕೊಡಬಾರದು.

ಮಂಡ್ಯ ಕಡೆಯ ಪರೀಕ್ಷಕರು ಇಷ್ಟಪಟ್ಟು ಕೇಳಬಹುದಾದ ಒಂದು ಕೇಸ್ ಇದೆ. ರಾತ್ರಿ ನೆಲದ ಮೇಲೆ ಮಲಗಿದ್ದ ವ್ಯಕ್ತಿ. ನಸುಕಿನಲ್ಲಿ ಹೊಟ್ಟೆನೋವು. ಬೆಳಗಾಗುವಷ್ಟರಲ್ಲಿ ಎರಡೂ ರೆಪ್ಪೆ ತೆರೆಯಲಾಗುತ್ತಿಲ್ಲ, ನುಂಗಲು ಆಗುತ್ತಿಲ್ಲ. ಕಚ್ಚಿದ ಗುರುತೇ ಇಲ್ಲ, ಊತವಿಲ್ಲ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಿದೆ. ಇದು ಕಟ್ಟುಹಾವು. ಗುರುತಿಲ್ಲ ಅಂತ ಹಾವಿನ ವಿಷಕ್ಕೆ ಔಷಧ ತಡ ಮಾಡಬಾರದು, ಉಸಿರಿಗೆ ಯಂತ್ರ ಸಿದ್ಧವಿರಬೇಕು. ಈ ವಿಷದಲ್ಲಿ ಪಾಪೆಗಳೂ ಹಿಗ್ಗಿ ನಿಲ್ಲಬಹುದು. ಅಷ್ಟಕ್ಕೇ ಮೆದುಳು ಸತ್ತಿದೆ ಅಂತ ತೀರ್ಮಾನಿಸಿದರೆ ಬದುಕುವ ಜೀವ ಹೋಗುತ್ತದೆ. ದಯವಿಟ್ಟು ಇದನ್ನು ಮರೆಯಬೇಡಿ.

ಹಂತ 6: ಊದಿದ ಡಿಸ್ಕ್

ಡಿಸ್ಕ್ ಅಂದರೆ ಆಪ್ಟಿಕ್ ನರ ಕಣ್ಣಿನೊಳಗೆ ಕಾಣುವ ದುಂಡನೆಯ ತುದಿ. ಅದು ಊದಿದ್ದರೆ ಮೊದಲು ನೋಟ ಅಳೆಯಿರಿ. ಎರಡೂ ಕಡೆ ಊದಿದೆ, ನೋಟ ಚೆನ್ನಾಗಿದೆ, ತಲೆನೋವು, ಬಗ್ಗಿದಾಗ ಕ್ಷಣ ಕಾಲ ಕಣ್ಣು ಕತ್ತಲೆ: ಇದು ಪ್ಯಾಪಿಲಿಡೀಮಾ, ತಲೆಯೊಳಗಿನ ಒತ್ತಡ. ಒಂದೇ ಕಡೆ ಊದಿದೆ, ಕೆಲವೇ ದಿನದಲ್ಲಿ ನೋಟ ಬಿದ್ದಿದೆ, ಕಣ್ಣು ಹೊರಳಿಸಿದರೆ ನೋವು, ಕೆಂಪು ಬಣ್ಣ ಮಾಸಲು, ಆರ್‌ಎಪಿಡಿ ಇದೆ: ಇದು ಆಪ್ಟಿಕ್ ನ್ಯೂರೈಟಿಸ್. ಉರಿಯೂತ ಕಣ್ಣಿನ ಹಿಂದಿನ ಭಾಗದಲ್ಲಿದ್ದರೆ ಡಿಸ್ಕ್ ಮಾಮೂಲಾಗೇ ಕಾಣುತ್ತದೆ. ಡಿಸ್ಕ್ ಚೆನ್ನಾಗಿದೆ ಅಂತ ಆ ಉತ್ತರವನ್ನು ಹೊಡೆದು ಹಾಕಬೇಡಿ.

ಚಿಕಿತ್ಸೆಯ ಪ್ರಶ್ನೆಯಲ್ಲಿ ಒಂದು ಗುಂಡಿ ಇದೆ. 1992ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಪ್ರೆಡ್ನಿಸೋನ್ ಮಾತ್ರೆ ಮಾತ್ರ ಕೊಟ್ಟವರಲ್ಲಿ ಆಪ್ಟಿಕ್ ನ್ಯೂರೈಟಿಸ್ ಮರುಕಳಿಸಿದ್ದು ಹೆಚ್ಚು. ಹಾಗಾಗಿ ಮೊದಲು ಮೂರು ದಿನ ರಕ್ತನಾಳದ ಮೂಲಕ ಮೀಥೈಲ್ ಪ್ರೆಡ್ನಿಸೊಲೋನ್, ಆಮೇಲೆ ಮಾತ್ರೆ. ಇದರಿಂದ ನೋಟ ಬೇಗ ಮರಳುತ್ತದೆ. ಆದರೆ ವರ್ಷದ ಕೊನೆಯ ನೋಟ ಹೆಚ್ಚುಕಡಿಮೆ ಅಷ್ಟೇ.

ವಯಸ್ಸಾದವರಲ್ಲಿ ಹಠಾತ್ ಕುರುಡು, ಅಗಿಯುವಾಗ ದವಡೆ ನೋವು, ಹೆಚ್ಚಿದ ಇಎಸ್‌ಆರ್ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಅಂದರೆ ಜೈಂಟ್ ಸೆಲ್ ಆರ್ಟರೈಟಿಸ್, ರಕ್ತನಾಳದ ಉರಿಯೂತ. ನಮ್ಮಲ್ಲಿ ಅಪರೂಪ, ಪ್ರಶ್ನೆಪತ್ರಿಕೆಯಲ್ಲಿ ಅಪರೂಪವಲ್ಲ. ಬಯಾಪ್ಸಿಗೆ ಕಾಯದೆ ಸ್ಟೀರಾಯ್ಡ್ ಶುರು ಮಾಡಬೇಕು. ಇಲ್ಲದಿದ್ದರೆ ಇನ್ನೊಂದು ಕಣ್ಣೂ ಹೋಗುತ್ತದೆ.

ಹಂತ 7: ಕೆಂಪು ಕಣ್ಣು ಮತ್ತು ಕಬ್ಬಿನ ಗದ್ದೆ

ಕೆಂಪು ಕಣ್ಣಿನಲ್ಲೂ ನೋಟ, ನೋವು, ಪಾಪೆ ಈ ಮೂರನ್ನೇ ನೋಡಿ. ನೋಟ ಸರಿ, ಪಿಸುರು ಇದೆ, ಪಾಪೆ ಸರಿ ಅಂದರೆ ಕಂಜಂಕ್ಟಿವೈಟಿಸ್, ಮನೆಮಾತಿನ ಕಣ್ಣು ಬೇನೆ. ಪಾಪೆ ಚಿಕ್ಕದು, ಅಂಕುಡೊಂಕು, ಬೆಳಕು ನೋಡಲಾಗದು ಅಂದರೆ ಐರೈಟಿಸ್. ಪಾಪೆ ಅರ್ಧ ಹಿಗ್ಗಿ ನಿಂತಿದೆ, ಕಲ್ಲಿನಂತೆ ಗಟ್ಟಿ ಕಣ್ಣು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಅಂದರೆ ತೀವ್ರ ಗ್ಲಾಕೋಮಾ. ಐರೈಟಿಸ್‌ಗೆ ಅಟ್ರೋಪಿನ್ ಹಾಕಿ ಪಾಪೆ ಹಿಗ್ಗಿಸುತ್ತೇವೆ. ಗ್ಲಾಕೋಮಾಕ್ಕೆ ಅದನ್ನೇ ಹಾಕಿದರೆ ಕಣ್ಣೇ ಹೋಗಬಹುದು. ವಾಂತಿ, ತಲೆನೋವು ಅಂತ ಬಂದ ಇಂಥವರನ್ನು ಗ್ಯಾಸ್ಟ್ರಿಕ್, ಮೈಗ್ರೇನ್ ಅಂತ ಕಳಿಸಿಬಿಡುವ ಅಪಾಯವೂ ಇದೆ.

ಕಾರ್ನಿಯಾದ ಹುಣ್ಣನ್ನು ನಮ್ಮ ಜಿಲ್ಲೆಗಳವರು ಬಿಡುವಂತೆಯೇ ಇಲ್ಲ. ಕಬ್ಬು ಕಟಾವು ಮಾಡುವಾಗ ಗರಿ ಕಣ್ಣಿಗೆ ಗೀರುತ್ತದೆ. ಭತ್ತದ ಹೊಟ್ಟು ಸಿಡಿಯುತ್ತದೆ. ಕೆಲವು ದಿನ ಕಳೆದ ಮೇಲೆ ಕರಿಗುಡ್ಡೆಯ ಮೇಲೆ ಬೂದು ಬಿಳುಪಿನ ಕಲೆ ಕಾಣುತ್ತದೆ. ಹತ್ತಿರದಿಂದ ನೋಡಿ: ಮೇಲ್ಮೈ ಒಣಗಿದಂತೆ, ಸ್ವಲ್ಪ ಉಬ್ಬಿದಂತೆ ಇರುತ್ತದೆ. ಅಂಚು ಹಕ್ಕಿಯ ಗರಿಯಂತೆ ಎಳೆ ಎಳೆ. ಸುತ್ತ ಚಿಕ್ಕ ಚಿಕ್ಕ ಮರಿಕಲೆಗಳು. ಕೆಳಗೆ ಕೀವು ನಿಂತಿರಬಹುದು. ಇಷ್ಟಿದ್ದರೂ ರೋಗಿ ಹೇಳುವ ನೋವು ಅದಕ್ಕೆ ತಕ್ಕಷ್ಟು ಇರುವುದಿಲ್ಲ. ಇದು ಶಿಲೀಂಧ್ರದ ಹುಣ್ಣು. ಕೆರೆದು ತೆಗೆದು ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಚಿಕಿತ್ಸೆ ನಟಮೈಸಿನ್ 5%. ಸ್ಟೀರಾಯ್ಡ್ ಹನಿ ಖಂಡಿತ ಬೇಡ. ಎಷ್ಟೋ ಜನ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಹನಿ ಹಾಕಿಕೊಂಡೇ ಬಂದಿರುತ್ತಾರೆ, ಹಾಗಾಗಿ ಹಾಕಿದ ಬಾಟಲಿ ತರಿಸಿ ನೋಡಿ. ನೋವು ಕಂಡದ್ದಕ್ಕಿಂತ ವಿಪರೀತ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂದರೆ ಅಕಾಂತಮೀಬಾ ಎಂಬ ಏಕಕೋಶ ಜೀವಿಯ ಸೋಂಕು. ಕೊಂಬೆ ಕೊಂಬೆಯಾಗಿ ಹರಡಿದ್ದರೆ ಹರ್ಪಿಸ್, ಅಲ್ಲೂ ಸ್ಟೀರಾಯ್ಡ್ ಬೇಡ.

ಹಂತ 8: ಬೇಗ ಮುಗಿಸಬಹುದಾದವು

ಕೆಳಗಿನವು ಒಂದೊಂದು ಸಾಲಿನ ನೆನಪು. ಸುಮ್ನೆ ಪುಟಗಟ್ಟಲೆ ಬರೆಯಬೇಡಿ.

ವಿಲ್ಸನ್ ಕಾಯಿಲೆಯಲ್ಲಿ ಕಾರ್ನಿಯಾದ ಡೆಸಿಮೆಟ್ ಪದರದಲ್ಲಿ ತಾಮ್ರದ ಬಳೆ. ಥಯಾಮಿನ್ ಕೊರತೆಯ ವರ್ನಿಕೆ ಕಾಯಿಲೆಯಲ್ಲಿ ಗೊಂದಲ, ತೂರಾಟ, ಕಣ್ಣು ಹೊರಳದಿರುವುದು. ಗ್ಲೂಕೋಸ್‌ಗೆ ಮೊದಲು ಥಯಾಮಿನ್. ಮಿಲ್ಲರ್ ಫಿಶರ್ ಸಿಂಡ್ರೋಮ್‌ನಲ್ಲಿ ಕಣ್ಣು ಹೊರಳದು, ತೂರಾಟ, ರಿಫ್ಲೆಕ್ಸ್ ಇಲ್ಲ. ಎಥಾಂಬುಟಾಲ್ ತಗೊಳ್ಳುವ ಕ್ಷಯ ರೋಗಿಗೆ ಕೆಂಪು ಹಸಿರು ಗೊತ್ತಾಗದಿದ್ದರೆ ಔಷಧ ನಿಲ್ಲಿಸಿ. ಮೆದುಳಿನಲ್ಲಿ ಲಾಡಿಹುಳುವಿನ ಮರಿ ಇದ್ದು ಫಿಟ್ಸ್ ಬಂದವರಿಗೆ ಆಲ್ಬೆಂಡಜೋಲ್ ಕೊಡುವ ಮೊದಲು ಕಣ್ಣಿನೊಳಗೆ ನೋಡಲೇಬೇಕು. ಅಲ್ಲೂ ಹುಳುವಿದ್ದು ಸತ್ತರೆ ಉರಿಯೂತದಿಂದ ನೋಟ ಹೋಗುತ್ತದೆ. ಸ್ಟ್ರೋಕ್‌ನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧಕ್ಕೆ ಸಮಯ 4.5 ಗಂಟೆ, ಮೊದಲು ಸ್ಕ್ಯಾನ್.

ವಿಟಮಿನ್ ಎ ಲೆಕ್ಕ: 9 ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ 5 ವರ್ಷದವರೆಗೆ 2 ಲಕ್ಷದಂತೆ 8 ಸಲ. ಒಟ್ಟು 17 ಲಕ್ಷ. ಕುರುಡಿನ ವ್ಯಾಖ್ಯೆ 2017ರಲ್ಲಿ ಬದಲಾಗಿದೆ. ಚೆನ್ನಾಗಿರುವ ಕಣ್ಣಿನಲ್ಲಿ 3/60ಕ್ಕಿಂತ ಕಡಿಮೆ ಅಂತ ಬರೆಯಿರಿ. ಹಳೇ ಪುಸ್ತಕ, ಸೀನಿಯರ್‌ಗಳ ನೋಟ್ಸ್‌ನಲ್ಲಿ 6/60 ಅಂತಲೇ ಇರುತ್ತದೆ.

ಮಾತು ಹೋಗುವ ಅಫೇಸಿಯಾ ಮಾತ್ರ ಓದಿ ಅರ್ಥವಾಗುವಂಥದ್ದಲ್ಲ. ಬ್ರೋಕಾದಲ್ಲಿ ನೀವು ಹೇಳಿದ್ದು ಅರ್ಥವಾಗುತ್ತದೆ, ಮಾತು ಹೊರಡುವುದಿಲ್ಲ. ವರ್ನಿಕೆ ಅಫೇಸಿಯಾದಲ್ಲಿ ಮಾತು ಸರಾಗ, ಅರ್ಥವಿಲ್ಲ. ಮೈಸೂರಿನವರಿಗೆ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ ಅಲ್ವಾ? ನಿಮ್ಮ ವಿಭಾಗದವರ ಮೂಲಕ ಅನುಮತಿ ಕೇಳಿ, ಒಮ್ಮೆ ಹೋಗಿ ನೋಡಲು ಪ್ರಯತ್ನಿಸಿ.

ಹಂತ 9: ವಾರ್ಡಿನಲ್ಲಿ, ಕ್ಲಿನಿಕಲ್ ಪರೀಕ್ಷೆಯಲ್ಲಿ

ಮೈಸೂರಿನ ಕೆ.ಆರ್. ಆಸ್ಪತ್ರೆಯಿರಲಿ, ಮಂಡ್ಯದ ಮಿಮ್ಸ್ ಇರಲಿ, ಕೊನೇ ತಿಂಗಳಲ್ಲೂ ದಿನಾ ಒಬ್ಬ ರೋಗಿಯನ್ನಾದರೂ ಪೂರ್ತಿ ನೋಡಿ. ಇಲ್ಲಿ ಕನ್ನಡದವರಿಗೆ ದೊಡ್ಡ ಅನುಕೂಲವಿದೆ. ಡಿಪ್ಲೋಪಿಯಾ ಇದೆಯಾ ಅಂತ ಕೇಳಿದರೆ ಯಾರಿಗೂ ಅರ್ಥವಾಗಲ್ಲ. "ಒಂದು ದೀಪ ಎರಡಾಗಿ ಕಾಣ್ಸುತ್ತಾ ಅಜ್ಜಿ? ಒಂದು ಕಣ್ಣು ಮುಚ್ಚಿದ್ರೆ ಸರಿಹೋಗುತ್ತಾ?" ಅಂತ ಕೇಳಿ. ಒಂದು ಕಣ್ಣು ಮುಚ್ಚಿದಾಗ ಸರಿಹೋದರೆ ನರ ಅಥವಾ ಸ್ನಾಯು, ಮುಚ್ಚಿದರೂ ಎರಡೇ ಕಂಡರೆ ಪೊರೆಯಂಥ ಕಣ್ಣಿನದೇ ತೊಂದರೆ. "ಸ್ವಾಧೀನ ಇಲ್ಲ" ಅಂದವರನ್ನು ಮತ್ತೆ ಕೇಳಿ. ಕೆಲವರಿಗೆ ಅದು ಶಕ್ತಿ ಇಲ್ಲದಿರುವುದು, ಕೆಲವರಿಗೆ ಸ್ಪರ್ಶ ಇಲ್ಲದಿರುವುದು. "ಯಜಮಾನ್ರೇ, ಕೈ ಎತ್ತೋಕೆ ಆಗ್ತಿಲ್ವಾ, ಇಲ್ಲಾ ಮುಟ್ಟಿದ್ದು ಗೊತ್ತಾಗ್ತಿಲ್ವಾ?" ಅಂತ ಬಿಡಿಸಿ ಕೇಳಿ.

ಪರೀಕ್ಷೆ ಮಾಡುವ ಕ್ರಮ ತಪ್ಪಬೇಡಿ. ಮೊದಲು ನೋಟ, ಅದೂ ರೋಗಿಯ ಕನ್ನಡಕ ಹಾಕಿಸಿ. ಓದಲು ಬಾರದವರಿಗೆ 'ಇ' ಆಕಾರದ ಚಾರ್ಟ್. ಆಮೇಲೆ ನೋಟದ ಬದಿಗಳು, ಪಾಪೆ, ಕಣ್ಣಿನ ಹೊರಳಾಟ. ಪಾಪೆ ಹಿಗ್ಗಿಸುವ ಹನಿ ಎಲ್ಲಕ್ಕಿಂತ ಕೊನೆಗೆ. ಮೊದಲೇ ಹಾಕಿಬಿಟ್ಟರೆ ಪಾಪೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ತಲೆಗೆ ಪೆಟ್ಟು ಬಿದ್ದವರಿಗೆ, ಪಾಪೆಯನ್ನು ಗಂಟೆಗಂಟೆಗೂ ನೋಡಬೇಕಾದವರಿಗೆ ಈ ಹನಿ ಹಾಕುವಂತಿಲ್ಲ. ಹನಿ ಹಾಕಿದವರಿಗೆ ಕೆಲವು ಗಂಟೆ ಹತ್ತಿರದ್ದು ಮಂಜಾಗಿ ಕಾಣುತ್ತದೆ, ಗಾಡಿ ಓಡಿಸಬೇಡಿ ಅಂತ ಪರೀಕ್ಷಕರ ಎದುರಿಗೇ ಹೇಳಿ. ಕಣ್ಣು ನೋವು, ದೀಪದ ಸುತ್ತ ಬಳೆ ಕಂಡರೆ ಕಾಯದೆ ತಿರುಗಿ ಬರಬೇಕು ಅಂತ ಜೊತೆಗೆ ಬಂದವರಿಗೂ ತಿಳಿಸಿ.